ಹಿಂದಿನ ಚಕ್ರದ ಮಡ್‌ಗಾರ್ಡು

“ಉಸ್ತಾದ್, ಎಲ್ಲಾರೂ ಬಿಚ್ಚಿ ಇಟ್ಟದ್ದನ್ನ ನಾ ಒಬ್ಬಾಂವ ಕಟಗೊಂಡು ಹೊಂಟ್ರ ಅದು ಹಠಾನೋ, ಶ್ಯಾಣ್ಯಾತನಾನೋ?”

ಕೇಳಿದವನು ಚಂಬಣ್ಣ. ಬಸ್ ಕಂಡಕ್ಟರ್. ರಜೆಯ ದಿನ ಹುಬ್ಬಳ್ಳಿಯಲ್ಲಿ ದಾವಲಸಾಬರ ಸೈಕಲ್ ಅಂಗಡಿಗೆ ಬಂದು ಕೂರುತ್ತಿದ್ದ. ಮೂರು ವರ್ಷದಿಂದ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ಈಗ ಅವನ ಕೈಯಲ್ಲಿ ಬೋಲ್ಟು ಬಿಚ್ಚುವ ಎಂಟನೇ ನಂಬರಿನ ಪಾನಾ ಇತ್ತು. ಎದುರಿಗೆ ಅವನ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು.

ಅದು ಫ್ರಾನ್ಸಿನ ಹಳೆಯ ಸೈಕಲ್ಲು. ದೂರದ ದಾರಿಗೆಂದೇ ಮಾಡಿದ್ದು. ಯಾರೋ ಗೋವಾದಲ್ಲಿ ಬಿಟ್ಟುಹೋಗಿದ್ದರು. ಅಲ್ಲಿಂದ ಹೇಗೋ ಹುಬ್ಬಳ್ಳಿಯ ಗುಜರಿಗೆ ಬಂದು ಬಿದ್ದಿತ್ತು. ದಾವಲಸಾಬರು ಅದನ್ನು ಎತ್ತಿ ತಂದು, ಒಂದು ವರ್ಷ ಹಿಡಿದು ಎಬ್ಬಿಸಿ ನಿಲ್ಲಿಸಿ, ಚಂಬಣ್ಣನಿಗೆ ಕೊಟ್ಟಿದ್ದರು. ಕೊಡುವಾಗ ಒಂದೇ ಮಾತು ಹೇಳಿದ್ದರು: “ಇದು ಒರಸಿ ಇಡೂ ಸೈಕಲ್ಲಲ್ಲ, ಹೊಡಿಯೂ ಸೈಕಲ್ಲು.”

ಮರುದಿನ ಬೆಳಗಿನ ಜಾವ ಇನ್ನೂರು ಕಿಲೋಮೀಟರಿನ ಸವಾರಿ ಇತ್ತು. ಚಂಬಣ್ಣನೂ ಹೆಸರು ಕೊಟ್ಟಿದ್ದ. ಜೊತೆಗೆ ಹೋಗುವವರೆಲ್ಲ ತೂಕ ಇಳಿಸಲು ಹಿಂದಿನ ಮಡ್‌ಗಾರ್ಡು ಬಿಚ್ಚಿದ್ದರು, ಇವನ ಸೈಕಲ್ಲು ನೋಡಿ ನಕ್ಕಿದ್ದರು. “ಹಿಂದಿನ ಮಡ್‌ಗಾರ್ಡ್ ಬಿಚ್ಚಿ ಬಾ ಚಂಬಣ್ಣ. ಇಲ್ಲಾಂದ್ರ ಎರಡು ಹಾಲಿನ ಕ್ಯಾನ್ ಕಟಗೊಂಡ್ ಬಾ, ಚಹಾಕ್ಕಾದ್ರೂ ಆಗತೈತಿ” ಎಂದಿದ್ದರು. ಚಂಬಣ್ಣನೂ ಅವರ ಜೊತೆ ನಕ್ಕಿದ್ದ. ಆ ನಗೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಕೂತಿತ್ತು.

ದಾವಲಸಾಬರು ಬಿಚ್ಚು ಅನ್ನಲಿಲ್ಲ, ಬಿಡು ಅನ್ನಲಿಲ್ಲ. ಹಳೆ ಬನಿಯನ್ನಿನ ತುಂಡಿಗೆ ಕೈ ಒರೆಸಿಕೊಂಡರು.

“ಪಾನಾ ಕೈಯಾಗ ಇರ್ಲಿ. ಒಂದು ಕತಿ ಹೇಳ್ತೀನಿ, ಮುಗದ ಮ್ಯಾಲೆ ಬೇಕಾದ್ರ ತಿರುವು” ಎಂದು ಶುರು ಮಾಡಿದರು.

ಫ್ರಾನ್ಸ್ ದೇಶದ ಗುಡ್ಡಗಾಡಿನ ಒಂದು ಊರು. ಅಲ್ಲಿ ಒಬ್ಬ ಸೈಕಲ್ಲಿನವನಿದ್ದ. ಮಾರುವವನಲ್ಲ, ಮಾಡುವವನು. ವರ್ಷಕ್ಕೆ ಇಪ್ಪತ್ತು ಮಾಡಿದರೆ ಹೆಚ್ಚು. ಬೇರೆಯವರು ಚೌಕಟ್ಟು ಬೆಸೆದು ಕೈತೊಳೆದುಕೊಳ್ಳುತ್ತಿದ್ದರು. ದೀಪ, ಕ್ಯಾರಿಯರು, ಮಡ್‌ಗಾರ್ಡು ಎಲ್ಲ ಆಮೇಲೆ ತಗಲಿಸಿದ್ದು. ಇವನು ಹಾಗಲ್ಲ. ಎಲ್ಲವನ್ನೂ ಒಟ್ಟಿಗೇ ಯೋಚಿಸಿ ಒಟ್ಟಿಗೇ ಮಾಡುತ್ತಿದ್ದ. ದೀಪದ ತಂತಿ ಹೊರಗೆ ಕಾಣುತ್ತಿರಲಿಲ್ಲ, ಕೊಳವೆಯ ಒಳಗೆ ಹಾಯುತ್ತಿತ್ತು. ಮಡ್‌ಗಾರ್ಡಿನ ತಗಡಿಗೆ ಸುತ್ತಿಗೆಯಿಂದ ತಟ್ಟಿ ತಟ್ಟಿ, ತಾಮ್ರದ ಕೊಡದ ಮೇಲಿನ ಹಾಗೆ ಸಣ್ಣ ಸಣ್ಣ ಗುಳಿ ಹಾಕುತ್ತಿದ್ದ. ಬರೀ ಚಂದಕ್ಕಲ್ಲ. ಗುಳಿ ಬಿದ್ದ ತೆಳು ತಗಡು ದಪ್ಪ ತಗಡಿನಷ್ಟೇ ಗಟ್ಟಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸುತ್ತಲೂ ಒಂದೇ ಬೆರಳಿನ ಸಂದು. ಬೋಲ್ಟಿನ ಕೆಳಗೆ ತೊಗಲಿನ ಬಿಲ್ಲೆ, ಗಡಗಡ ಅನ್ನಬಾರದೆಂದು. ಸಪ್ಪಳ ಮಾಡುವ ಸೈಕಲ್ಲು ಮಾಡಿದವನ ಮೇಲೆ ಚಾಡಿ ಹೇಳುತ್ತದೆ ಎಂಬುದು ಅವನ ಮಾತು.

ಮಡ್‌ಗಾರ್ಡು ಬೇಡ, ಅಷ್ಟು ತೂಕ ಇಳಿಸು ಎಂದು ಬಂದವರಿಗೆ ಅವನು ಒಂದೇ ಉತ್ತರ ಕೊಡುತ್ತಿದ್ದ. “ಮೊದ್ಲು ಹೊಟ್ಟಿ ಇಳಿಸಿ ಬರ್ರಿ.”

ಆ ಊರಿನಲ್ಲಿ ಬಟ್ಟೆ ಒಗೆಯುವವಳೊಬ್ಬಳಿದ್ದಳು. ಗುಡ್ಡದ ಮೇಲಿನ ಮನೆಗಳಿಂದ ಗಂಟು ತರುವುದು, ಹೊಳೆಯ ಕಲ್ಲಿನ ಮೇಲೆ ಒಗೆದು ಒಣಗಿಸಿ ಮತ್ತೆ ಗುಡ್ಡಕ್ಕೆ ತಲುಪಿಸುವುದು. ನಡೆದೂ ನಡೆದೂ ಸಾಕಾಗಿ ಒಂದು ದಿನ ಸೈಕಲ್ ಮಾಡುವವನ ಬಳಿಗೆ ಹೋದಳು. ಅವನು ಮೊದಲು ಅವಳ ಗಂಟಿನ ಅಳತೆ ತೆಗೆದುಕೊಂಡ, ಆಮೇಲೆ ಅವಳ ಕಾಲಿನ ಅಳತೆ. ಆರು ತಿಂಗಳಿಗೆ ಸೈಕಲ್ಲು ಕೊಟ್ಟ. ಗಂಟು ಮುಂದಿನ ಕ್ಯಾರಿಯರಿನ ಮೇಲೆ ಕೂರುತ್ತಿತ್ತು. ಖಾಲಿ ಇದ್ದಾಗಿನದಕ್ಕಿಂತ ಗಂಟು ಹೊತ್ತಾಗಲೇ ಅದು ನೆಟ್ಟಗೆ ಓಡುತ್ತಿತ್ತು. ಅಗಲವಾದ ಮೆತ್ತನೆಯ ಟೈರು ಕಲ್ಲುದಾರಿಯನ್ನು ನುಂಗಿಕೊಂಡು ಹೋಗುತ್ತಿತ್ತು. ಆರೆಂಟು ವರ್ಷ ಅವಳು ಆ ಸೈಕಲ್ಲನ್ನು ದುಡಿಸಿದಳು. ಅದು ಒಂದು ದಿನವೂ ಗೊಣಗಲಿಲ್ಲ.

ಊರಿನಲ್ಲಿ ಸೈಕಲ್ ಸವಾರರ ಒಂದು ಬಳಗವಿತ್ತು. ವರ್ಷಕ್ಕೊಮ್ಮೆ ಒಂದು ಭಾನುವಾರ ಅವರದೊಂದು ಪದ್ಧತಿ. ಚರ್ಚಿನ ಬೆಳಗಿನ ಗಂಟೆ ಹೊಡೆದೊಡನೆ ಊರು ಬಿಡಬೇಕು. ಗುಡ್ಡ ದಾಟಿ, ಬಯಲು ದಾಟಿ, ಇನ್ನೂರು ಕಿಲೋಮೀಟರು ಸುತ್ತಿ, ಸಂಜೆ ಚರ್ಚಿನಲ್ಲಿ ಏಳು ಹೊಡೆದು ಮುಗಿಯುವುದರೊಳಗೆ ಮರಳಬೇಕು. ದಾರಿಯಲ್ಲಿ ನಾಲ್ಕು ಊರು, ಅಲ್ಲಿ ನಾಲ್ಕು ಠಸ್ಸೆ. ಐದನೆಯದು ತಮ್ಮೂರಿನ ಚೌಕದಲ್ಲಿ. ಚೀಟಿಯ ಮೇಲೆ ಐದೂ ಠಸ್ಸೆ ಬಿದ್ದವನ ಹೆಸರನ್ನು ಬಳಗದ ಪುಸ್ತಕದಲ್ಲಿ ಬರೆಯುತ್ತಿದ್ದರು. ಮೊದಲು ಬಂದವನು, ಕೊನೆಗೆ ಬಂದವನು ಎಂಬ ಲೆಕ್ಕ ಅಲ್ಲಿರಲಿಲ್ಲ. ಬಂದವನು, ಬಾರದವನು ಅಷ್ಟೇ.

ಆ ಪುಸ್ತಕದಲ್ಲಿ ತನ್ನ ಹೆಸರು ಬೇಕು ಅಂತ ಒಗೆಯುವವಳಿಗೆ ಅನ್ನಿಸಿತು. ಅವಳ ಹೆಸರು ಎಲ್ಲಿಯೂ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಊರವರು ಅವಳನ್ನು ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. “ಬಟ್ಟೆ ಬಂತಾ” ಎಂದು ಕೇಳುತ್ತಿದ್ದರು, ಅಷ್ಟೇ.

ಆ ಭಾನುವಾರ ಬೆಳಿಗ್ಗೆ ಬಳಗದ ಹದಿನಾಲ್ಕು ಗಂಡಸರು ಚೌಕದಲ್ಲಿ ಸೇರಿದ್ದರು. ಎಲ್ಲರಿಗೂ ಬಳಗದ ಒಂದೇ ನಮೂನೆಯ ಬಿಳಿ ಅಂಗಿ. ಎಲ್ಲರ ಸೈಕಲ್ಲಿನ ಹಿಂದಿನ ಮಡ್‌ಗಾರ್ಡು ಬಿಚ್ಚಿತ್ತು. ಹಿಂದಿನ ವರ್ಷ ಹೊತ್ತು ಸಾಲದೆ ಆರು ಜನ ಠಸ್ಸೆ ಕಳೆದುಕೊಂಡಿದ್ದರು. ಅದಕ್ಕೆ ಈ ಸಲ ತೂಕ ಇಳಿಸಿದ್ದರು. ಬಳಗದ ಹಿರಿಯ ಒಬ್ಬ ಉಣ್ಣೆ ವ್ಯಾಪಾರಿ. ಅವನ ಸೈಕಲ್ಲೂ ಒಗೆಯುವವಳ ಸೈಕಲ್ಲು ಮಾಡಿದವನೇ ಮಾಡಿದ್ದು. ಮಡ್‌ಗಾರ್ಡು ಬಿಚ್ಚಿಕೊಡು ಎಂದರೆ ಮಾಡಿದವನು ಒಪ್ಪಿರಲಿಲ್ಲ, ವ್ಯಾಪಾರಿ ತಾನೇ ಮನೆಯಲ್ಲಿ ಕಿತ್ತು ತೆಗೆದಿದ್ದ. ಬೋಲ್ಟಿನ ತೂತುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿದ್ದವು.

ಒಗೆಯುವವಳು ಬಂದು ಸಾಲಿನಲ್ಲಿ ನಿಂತಳು.

“ಏನವಾ, ಹಿಂದಿಂದು ಬಿಚ್ಚಲಿಲ್ಲ?” ವ್ಯಾಪಾರಿ ಕೇಳಿದ.

“ಯಾಕ ಬಿಚ್ಚಲಿ?”

“ಮುಂದಿಂದು ಬೇಕು, ಕಣ್ಣಿಗೆ ರಾಡಿ ಸಿಡಿಬಾರ್ದು. ಹಿಂದಿಂದು ಬರೀ ಬೆನ್ನಿಗೆ. ಬೆನ್ನು ಯಾರು ನೋಡ್ತಾರ? ಆ ತಗಡು ಹೊತಗೊಂಡು ಗುಡ್ಡ ಹತ್ತಿದ್ರ ಇವತ್ತಿನ ಸಂಜಿಗಲ್ಲ, ನಾಳಿನ ಸಂಜಿಗೆ ಮುಟ್ಟತಿ.”

“ಇರ್ಲಿ ಬಿಡ್ರಿ ಸಾಹುಕಾರ್ರ. ದಾರ್ಯಾಗ ಅದ್ರ ಮ್ಯಾಲೆ ನಾಕು ಅರಿವಿ ಒಣ ಹಾಕ್ತಾಳ” ಎಂದ ಇನ್ನೊಬ್ಬ. ಚೌಕವೇ ನಕ್ಕಿತು.

ಅವಳು ನಗಲಿಲ್ಲ. “ಹಿಂದಿಂದು ನನ್ನ ಬೆನ್ನಿಗಲ್ರಿ ಸಾಹುಕಾರ್ರ. ನನ್ನ ಹಿಂದ ಬರಾಂವನ ಎದಿಗೆ. ನಾ ಅವನ ಅಂಗಿಗೆ ಹಾರಿಸಿದ ರಾಡಿ ಸೋಮವಾರ ತಿರುಗಿ ನನ್ನ ಕಲ್ಲಿಗೇ ಬರತೈತಿ.”

“ನಿನ್ನ ಹಿಂದ? ನಿನ್ನ ಹಿಂದ ಯಾರು ಬರ್ತಾರ?”

ಬೆಳಗಿನ ಗಂಟೆ ಹೊಡೆಯಿತು. ಹದಿನಾಲ್ಕು ಸೈಕಲ್ಲುಗಳು ಬಾಣದ ಹಾಗೆ ಹೋದವು. ಒಗೆಯುವವಳು ತನ್ನ ಪಾಡಿಗೆ ತುಳಿದಳು. ಅವಳ ಹಿಂದೆ ಯಾರೂ ಇರಲಿಲ್ಲ.

ಮೊದಲ ಊರಿಗೆ ಅವಳು ಹೋದಾಗ ಅವರು ಬಿಟ್ಟು ಅರ್ಧ ತಾಸಾಗಿತ್ತು. ಎರಡನೆಯ ಊರಿನಲ್ಲಿ ಒಂದು ತಾಸು. ಠಸ್ಸೆ ಹಾಕುವವನು ಅವಳ ಮುಖವನ್ನೂ ನೋಡದೆ ಠಸ್ಸೆ ಒತ್ತಿದ. ಅವಳು ನಿಂತುಕೊಂಡೇ ರೊಟ್ಟಿ ತಿಂದು ಮತ್ತೆ ಹತ್ತಿದಳು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ತಾನೇ ತಪ್ಪಿದೆನೇನೋ ಎಂದು ಒಮ್ಮೆ ಅನ್ನಿಸಿತು. ಅನ್ನಿಸಿದ್ದನ್ನು ತುಳಿದುಕೊಂಡು ಮುಂದೆ ಹೋದಳು.

ಮೂರನೆಯ ಊರು ದಾಟುತ್ತಲೇ ಮಳೆ ಬಂತು. ಬಂದದ್ದು ನಿಲ್ಲಲಿಲ್ಲ. ಗುಡ್ಡದ ಮೇಲೆ ಉದ್ದಕ್ಕೂ ಬಯಲು. ಗಾಳಿ ನೇರ ಮುಖಕ್ಕೆ.

ದೂರ ಹೋಗುವ ಸವಾರರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಎದುರುಗಾಳಿಗೆ ಒಬ್ಬನೇ ಹೋಗಬಾರದು. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನು ಅವನ ಬೆನ್ನಿಗೆ ಅಂಟಿಕೊಂಡು ಅರ್ಧ ಬಲದಲ್ಲಿ ಸಾಗುತ್ತಾನೆ. ಮುಂದಿನವನು ದಣಿದರೆ ಹಿಂದಿನವನು ಮುಂದೆ ಬರುತ್ತಾನೆ. ಹೀಗೆ ಸರದಿ ಹಾಕಿಕೊಂಡರೆ ಹದಿನಾಲ್ಕು ಜನ ಒಬ್ಬರನ್ನೊಬ್ಬರು ಹೊತ್ತು ದಾಟಿಸಿದ ಹಾಗೆ.

ಆದರೆ ಆ ದಿನ ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಂಟಿಕೊಳ್ಳುವಂತಿರಲಿಲ್ಲ. ಮಡ್‌ಗಾರ್ಡಿಲ್ಲದ ಹಿಂದಿನ ಚಕ್ರ ರಸ್ತೆಯ ರಾಡಿಯನ್ನೆಲ್ಲ ಎತ್ತಿ ಹಿಂದಿನವನ ಕಣ್ಣಿಗೆ, ಮೂಗಿಗೆ, ಬಾಯಿಗೆ ಎಸೆಯುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಬಾಯಿಯೇ ಕೆಸರಾದರೆ ಏನು ಅನ್ನಬೇಕೋ ಯಾವ ಹಿರಿಯರೂ ಹೇಳಿಟ್ಟಿಲ್ಲ. ಮೊದಲು ಬೈದಾಡಿದರು. ಆಮೇಲೆ ದೂರ ದೂರವಾದರು. ಗಾಳಿ ತಡೆಯಲಾರದೆ ಮತ್ತೆ ಹತ್ತಿರ ಬಂದರು, ಮತ್ತೆ ರಾಡಿ ತಿಂದು ದೂರವಾದರು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಜನ ಹರಿದ ಮಣಿಸರದ ಹಾಗೆ ಬಯಲಿನ ತುಂಬ ಚೆಲ್ಲಿಹೋಗಿದ್ದರು. ತೂಕ ಇಳಿಸಿಕೊಂಡ ಹಗುರ ಸೈಕಲ್ಲಿನ ಮೇಲೆ ಒಬ್ಬೊಬ್ಬನೂ ಇಡೀ ಗಾಳಿಯನ್ನು ಒಬ್ಬನೇ ಹೊತ್ತಿದ್ದ.

ಒಗೆಯುವವಳು ಬೆಳಗಿನಿಂದ ಒಬ್ಬಳೇ ಬಂದಿದ್ದಳು. ಅವಳಿಗೆ ಗಾಳಿ ಹೊಸದಲ್ಲ. ಒದ್ದೆ ಬಟ್ಟೆಯ ಗಂಟು ಹೊತ್ತು ಅದೇ ಗಾಳಿಯಲ್ಲಿ ಆರೆಂಟು ವರ್ಷ ತುಳಿದಿದ್ದಳು. ಒಬ್ಬನನ್ನು ದಾಟಿದಳು. ಇನ್ನೊಬ್ಬನನ್ನು ದಾಟಿದಳು. ಕೊನೆಗೆ ಅವಳ ಮುಂದೆ ಯಾರೂ ಉಳಿಯಲಿಲ್ಲ. ದಾಟಿದವರು ಅವಳ ಹಿಂದೆ ಸೇರಿಕೊಂಡದ್ದು ಸಪ್ಪಳದಿಂದ ಗೊತ್ತಾಯಿತು. ಆದರೆ ಒಂದು ಮಡ್‌ಗಾರ್ಡಿನ ಹಿಂದೆ ಒಬ್ಬನಿಗೇ ಜಾಗ. ಎರಡನೆಯವನಿಗೆ ಮೊದಲನೆಯವನ ಚಕ್ರದ ರಾಡಿ. ಅವಳ ಬೆನ್ನ ಹಿಂದೆ ಜಗಳ ಹತ್ತಿತು. “ಸರೀಯೋ ಆಚೆ”, “ನಾ ಮೊದ್ಲು ಬಂದಾಂವ.” ಬೆಳಿಗ್ಗೆ ನಕ್ಕ ದನಿಗಳೇ.

ಅವಳು ತಿರುಗಿ ನೋಡಲಿಲ್ಲ. ಗುಂಡಿ ಬಿದ್ದ ರಸ್ತೆ, ನೀರು ತುಂಬಿದ ಗುಂಡಿ. ಹಿಂದೆ ನೋಡಿದವರ ಮುಂದಿನ ಚಕ್ರ ಉಳಿಯುವುದಿಲ್ಲ.

ನಾಲ್ಕನೆಯ ಠಸ್ಸೆ ಹಾಕಿಸಿಕೊಂಡು ಅವಳು ಊರಾಚೆ ಬಂದಾಗ ಉಣ್ಣೆ ವ್ಯಾಪಾರಿ ಉಸಿರು ಬಿಗಿಹಿಡಿದು ಅವಳ ಪಕ್ಕಕ್ಕೆ ಬಂದ. ಮುಖದಲ್ಲಿ ಕಣ್ಣು ಎರಡು ಬಿಟ್ಟರೆ ಉಳಿದದ್ದೆಲ್ಲ ರಾಡಿ.

“ನಿಲ್ಲವಾ, ಒಂದು ಮಾತು. ನಿಂದೂ ನಂದೂ ಒಬ್ಬನ ಕೈಯಾನ ಸೈಕಲ್ಲು. ನಿನ್ನ ಮಡ್‌ಗಾರ್ಡ್ ನನ್ನ ತೂತಿಗೆ ಸರೀ ಕೂಡತೈತಿ. ಬಲ ನನಗೈತಿ, ತಗಡು ನಿನಗೈತಿ. ಬಿಚ್ಚಿ ಕೊಡು, ನಾ ಮುಂದ ಹೋಗಿ ಗಾಳಿ ಸೀಳ್ತೀನಿ. ಎರಡೂ ಕೂಡಿದ್ರ ಕೆಲಸ ಆಗತೈತಿ.”

ಮಾತು ತೂಕವಾಗಿತ್ತು. ಬುದ್ಧಿವಂತರ ಮಾತು ಹಾಗೇ ಇರುತ್ತದೆ. ಬೆಳಿಗ್ಗೆ ಅದೇ ತಗಡು ಅವಳ ದಡ್ಡತನವಾಗಿತ್ತು, ಈಗ ಅವನ ಹಕ್ಕಾಗಿತ್ತು.

“ಕೂಡೂದಾದ್ರ ಹಿಂದ ಬರ್ರಿ” ಎಂದಳು ಅವಳು.

ಅವನ ಮುಂದಿನ ಚಕ್ರ ಅವಳ ಕಣ್ಣಂಚಿನಿಂದ ನಿಧಾನಕ್ಕೆ ಹಿಂದೆ ಸರಿಯಿತು. ಹಿಂದೆ ಮತ್ತೆ ಸ್ವಲ್ಪ ಗದ್ದಲವಾಯಿತು. ಆಮೇಲೆ ಗದ್ದಲ ಅಡಗಿತು. ಒಂದೇ ಒಂದು ಉಸಿರು ಉಳಿಯಿತು. ಮೊಳದಷ್ಟು ಹಿಂದೆ, ಅವಳ ಚಕ್ರಕ್ಕೆ ಅಂಟಿಕೊಂಡು. ಆ ಉಸಿರು ಮಾತಾಡಲಿಲ್ಲ. ಮುಂದೆ ಬರಲೂ ಇಲ್ಲ. ಬರುವಂತಿರಲಿಲ್ಲ, ಬಂದರೆ ಅವನ ಚಕ್ರದ ರಾಡಿ ಅವಳ ಮುಖಕ್ಕೆ. ಹೀಗಾಗಿ ಗಾಳಿಯ ಪಾಲೆಲ್ಲ ಅವಳದೇ ಆಯಿತು.

ಕೊನೆಯ ಏರು ಬಂದಾಗ ಅವಳ ಕಾಲು ಸತ್ತಿದ್ದವು. ಮೋಡದ ಸಂದಿನಲ್ಲಿ ಹೊತ್ತು ಇಳಿಯುತ್ತಿತ್ತು. ಏರು ದಾಟಿದರೆ ಇಳಿಜಾರು, ಸೇತುವೆ, ಊರು. ದಾಟದಿದ್ದರೆ ಪುಸ್ತಕವೂ ಇಲ್ಲ, ಹೆಸರೂ ಇಲ್ಲ.

ಆಗ ಅವಳ ಕೈ ತಾನಾಗಿಯೇ ಮುಂದಿನ ಚೀಲದೊಳಗೆ ಹೋಯಿತು. ಅಲ್ಲಿ ಪಾನಾ ಇತ್ತು. ನಾಲ್ಕು ಬೋಲ್ಟು. ಬಿಚ್ಚಿ ಗಟಾರಿಗೆ ಎಸೆದರೆ ಅಷ್ಟು ಹಗುರ. ಬೆನ್ನಿಗೆ ಅಂಟಿದವನೂ ತಾನಾಗಿ ಉದುರಿಹೋಗುತ್ತಾನೆ. ಬೆಳಿಗ್ಗೆ ನಕ್ಕವನನ್ನು ನಾನೇಕೆ ಬೆನ್ನ ಮರೆಯಲ್ಲಿ ಸಾಕಬೇಕು?

ಪಾನಾ ತಣ್ಣಗಿತ್ತು. ಅವಳು ಅದನ್ನು ಬಿಟ್ಟು ಕೈ ಹೊರಗೆಳೆದಳು. ಕರುಣೆ ಬಂತೆಂದು ತಿಳಿಯಬೇಡ. ಕರುಣೆ ಬರುವಷ್ಟು ಉಸಿರು ಅವಳಲ್ಲಿರಲಿಲ್ಲ. ಬಂದದ್ದು ಸೊಕ್ಕು. ಇದನ್ನು ಬಿಚ್ಚಿದರೆ ಬೆಳಿಗ್ಗೆ ಅವರು ಹೇಳಿದ್ದು ನಿಜವಾಗುತ್ತದೆ, ನಾನು ಹೇಳಿದ್ದು ಸುಳ್ಳಾಗುತ್ತದೆ ಅನ್ನಿಸಿತು. ಅವಳು ಹಲ್ಲು ಕಚ್ಚಿ ತುಳಿದಳು. ಹ್ಯಾಂ ಎಂದು ತಿಣುಕುತ್ತ, ಹಾವಿನ ಹಾಗೆ ರಸ್ತೆಯ ಅಂಚಿನಿಂದ ಅಂಚಿಗೆ ಹರಿಯುತ್ತ ಏರು ಮುಗಿಸಿದಳು. ಉಸಿರೂ ಅವಳ ಹಿಂದೆಯೇ ಏರಿತು.

ಇಳಿಜಾರು ಮುಗಿದು ಸೇತುವೆ ಬಂತು. ಅಲ್ಲಿ ಹಿಂದಿನ ಉಸಿರು ನಿಂತಿತು. ಬ್ರೇಕಿನ ಸದ್ದು ಕೇಳಿಸಿತು. ಅವಳಿಗೆ ತಿಳಿಯಿತು. ಸೇತುವೆ ದಾಟಿದರೆ ಊರು. ಊರಿನ ಕಿಟಕಿಗಳಲ್ಲಿ ಜನ. ಬಟ್ಟೆ ಒಗೆಯುವವಳ ಹಿಂದೆ ಬರುತ್ತಿರುವುದನ್ನು ಜನ ನೋಡುವುದು ಅವನಿಗೆ ಬೇಡವಾಗಿತ್ತು. ಅವಳು ಮರೆಯಾಗಲಿ ಎಂದು ನಿಂತಿದ್ದ.

ಅವಳು ಚೌಕಕ್ಕೆ ಬಂದಾಗ ಏಳು ಹೊಡೆಯಲು ಶುರುವಾಗಿತ್ತು. ಐದನೆಯ ಹೊಡೆತಕ್ಕೆ ಐದನೆಯ ಠಸ್ಸೆ ಬಿತ್ತು. ಆರು. ಏಳು. ಠಸ್ಸೆಯವನು ಡಬ್ಬಿ ಮುಚ್ಚಿದ. ಸೇತುವೆಯಿಂದ ಚೌಕಕ್ಕೆ ಕೂಗಳತೆಯ ದೂರ. ಆ ದೂರದಲ್ಲಿ ಒಬ್ಬ ತನ್ನ ಮರ್ಯಾದೆ ಕಾಯುತ್ತ ನಿಂತು ಠಸ್ಸೆ ಕಳೆದುಕೊಂಡ.

ಅವಳು ಯಾರಿಗೂ ಕಾಯಲಿಲ್ಲ. ಚೀಟಿಯನ್ನು ಅಲ್ಲೇ ಕೊಟ್ಟು ಮನೆಗೆ ಹೋಗಿ ಮಲಗಿದಳು. ಉಳಿದವರು ಒಬ್ಬೊಬ್ಬರಾಗಿ ಬಂದು, ಸೇತುವೆಯ ಕೆಳಗೆ ಹೊಳೆಯಲ್ಲಿ ಮುಖ ತೊಳೆದುಕೊಂಡು ಊರು ಹೊಕ್ಕರು. ಒದ್ದೆ ಅಂಗಿಗಳನ್ನು ಬಳಗದ ಕೋಣೆಯ ಮೂಲೆಗೆ ಒಟ್ಟಿದರು. ಆ ವರ್ಷದ ಪುಟದಲ್ಲಿ ಒಂದೇ ಹೆಸರು. ಪುಸ್ತಕ ಬರೆಯುವುದು ಹಿರಿಯನ ಕೆಲಸ, ಆದ್ದರಿಂದ ಉಣ್ಣೆ ವ್ಯಾಪಾರಿಯೇ ಬರೆಯಬೇಕಾಯಿತು. ಲೇಖನಿ ಅದ್ದಿಕೊಂಡ ಮೇಲೆ ಅವನಿಗೆ ಹೊಳೆಯಿತು, ಆಕೆಯ ಹೆಸರೇನು ಅಂತ ತನಗೆ ಗೊತ್ತಿಲ್ಲ. ಆಳು ಕಳಿಸಿ ಕೇಳಿಸಿಕೊಂಡು ಬರೆದ.

ಸೋಮವಾರ ಅಂಗಿಗಳ ಗಂಟು ಅವಳ ಕಲ್ಲಿಗೆ ಬಂತು. ಹದಿನಾಲ್ಕು ಅಂಗಿ, ಒಂದೇ ನಮೂನೆ. ಹದಿನಾಲ್ಕರ ಬೆನ್ನಿಗೂ ರಾಡಿ. ಹದಿಮೂರರ ಎದೆಗೂ ರಾಡಿ. ಒಂದರ ಎದೆ ಮಾತ್ರ ಬೆಳ್ಳಗಿತ್ತು. ಹೊಸ ರಾಡಿ ಬೀಳದೆ, ಇದ್ದದ್ದನ್ನು ಮಳೆ ತೊಳೆದಿತ್ತು. ಯಾರದೆಂದು ಕೇಳದೆ ಅವಳು ಅದನ್ನು ಬೇರೆಯಾಗಿ ಇಟ್ಟಳು. ಎದೆ ತಿಕ್ಕುವ ಕೆಲಸ ಒಂದು ಕಡಿಮೆಯಾಯಿತು ಎಂದುಕೊಂಡಳು.

ಮರುವರ್ಷವೂ ಅವರು ಹಿಂದಿನ ಮಡ್‌ಗಾರ್ಡು ಬಿಚ್ಚಿಯೇ ಬಂದರು. ಮನುಷ್ಯರಲ್ಲವೇ. ಅವಳು ಮಾತ್ರ ಬಿಚ್ಚಲಿಲ್ಲ.

ದಾವಲಸಾಬರು ಕತೆ ನಿಲ್ಲಿಸಿದರು. ಚಂಬಣ್ಣನ ಮುಖ ಅರಳಿತ್ತು. ಹಾಲಿನ ಕ್ಯಾನಿನ ಮಾತಾಡಿದವನು ನಾಳೆ ಎದುರುಗಾಳಿಗೆ ಸೋತು ತನ್ನ ಬೆನ್ನಿಗೆ ಬಂದು ಅಂಟಿಕೊಳ್ಳುವುದು ಅವನ ಕಣ್ಣಿಗೆ ಕಟ್ಟಿತ್ತು. ಆಗ ತಿರುಗಿ ಏನು ಹೇಳಬೇಕು ಅನ್ನುವುದನ್ನೂ ಅವನು ಆಗಲೇ ಹೊಂದಿಸಿಕೊಂಡಿದ್ದ.

“ಆ ಬೆಳ್ಳಾನ ಅಂಗಿ ಆ ಉಣ್ಣಿ ಸಾಹುಕಾರಂದ ಹೌದಲ್ರಿ ಉಸ್ತಾದ್? ಬೆಳಿಗ್ಗಿ ನಕ್ಕಾಂವ ಸಂಜೀತನಾ ಆಕಿ ಬೆನ್ನಿಗೇ ಬಿದ್ದಿದ್ದ, ಹೌದಿಲ್ರಿ? ಆಕಿಗೆ ಗೊತ್ತಿರಲೇಬೇಕು!”

ದಾವಲಸಾಬರು ತಲೆಕೆಳಗಾಗಿದ್ದ ಸೈಕಲ್ಲಿನ ಹಿಂದಿನ ಚಕ್ರವನ್ನು ಒಮ್ಮೆ ತಿರುಗಿಸಿ, ಅದು ನಿಲ್ಲುವ ತನಕ ನೋಡಿದರು.

“ಆಕಿ ಬೆನ್ನಿಗೆ ಕಣ್ಣಿರಲಿಲ್ಲ ಚಂಬಣ್ಣ, ಮಡ್‌ಗಾರ್ಡ್ ಇತ್ತು.”